ಖಾಲಿ ಮಳಿಗೆಗಳ ಕಸ

ವರ್ಷದಲ್ಲಿ ಒಂದು ದಿನ ಸಂಕೇನಪುರದ ಪೇಟೆ ಬೀದಿ ಬಡವರ ವೇಷ ಹಾಕುತ್ತದೆ. ಆ ದಿನ ಯಾವುದೆಂದು ಕ್ಯಾಲೆಂಡರಿನಲ್ಲಿ ಇರುವುದಿಲ್ಲ. ಆಸ್ತಿ ತೆರಿಗೆಯ ಪರಿಶೀಲನೆಗೆ ಪುರಸಭೆಯವರು ಬರುವ ದಿನ ಅದು. ಹಿಂದಿನ ಸಂಜೆಯೇ ಪುರಸಭೆಯ ಒಳಗಿಂದ ಯಾರೋ ಫೋನ್ ಮಾಡಿ ತಿಳಿಸಿರುತ್ತಾರೆ. ಬೆಳಿಗ್ಗೆ ಹತ್ತಕ್ಕೆ ಹೋಗಿ ನೋಡಿದರೆ ಅರಸೀಕೆರೆ ರಸ್ತೆಯ ತಿರುವಿನಿಂದ ಹಳೇಬೀಡು ಬಸ್ಸು ನಿಲ್ಲುವ ಅರಳಿಕಟ್ಟೆಯವರೆಗೆ ಷಟರುಗಳೆಲ್ಲ ಕೆಳಗೆ. ಒಂದೊಂದರ ಮೇಲೂ ‘ಮಳಿಗೆ ಬಾಡಿಗೆಗೆ ಇದೆ’ ಎಂಬ ಬೋರ್ಡು. ಬೋರ್ಡುಗಳಿಗೆಲ್ಲ ಒಂದೇ ಅಳತೆ, ಒಂದೇ ಹಳದಿ ಬಣ್ಣ. ಅಂಗಡಿಯವರು ಮಾತ್ರ ಎಲ್ಲಿಗೂ ಹೋಗಿರುವುದಿಲ್ಲ. ಎದುರಿನ ಟೀ ಗಾಡಿಯ ಸುತ್ತ ಗುಂಪಾಗಿ ನಿಂತು, ತಮ್ಮ ಅಂಗಡಿಗೆ ತಾವೇ ಅಪರಿಚಿತರ ಹಾಗೆ ನೋಡುತ್ತಿರುತ್ತಾರೆ.

ಈ ಜನವರಿಯಲ್ಲೂ ಹಾಗೇ ಆಯಿತು. ಪುರಸಭೆಯ ಲೆಕ್ಕದ ವಿಭಾಗದಲ್ಲಿ ಸಹಾಯಕಿಯಾಗಿರುವ ಇಂದು, ಬಿಲ್ ಕಲೆಕ್ಟರ್ ಚನ್ನೇಶನ ಜೊತೆ ಬೀದಿಗೆ ಬಂದಳು. ಮುಂದಿನ ವರ್ಷದ ಬಜೆಟ್ಟಿಗೆ ಆದಾಯದ ಅಂದಾಜು ಬರೆಯಬೇಕಾದವಳು ಅವಳೇ.

ಚನ್ನೇಶ ಬೇಕರಿಯ ಷಟರಿನ ಮೇಲೆ ಕೈಯಿಟ್ಟು ನಕ್ಕ. “ಬಿಸಿ ಐತೆ ಮೇಡಂ. ಒಳಗೆ ಬನ್ನು ಬೇಯ್ತಾ ಐತೆ. ಮೂಸಿ ನೋಡಿ.”

“ಅರ್ಜೀಲಿ ಏನಂತ ಬರೆದುಕೊಟ್ಟಿದಾರೆ?”

“ಖಾಲಿ. ವ್ಯಾಪಾರ ಇಲ್ಲ.”

“ಹಾಗೇ ಬರ್ಕೋ.”

“ಅಲ್ಲಾ ಮೇಡಂ, ಮಾಲೀಕ್ರು ಅಲ್ಲೇ ನಿಂತವ್ರೆ, ಅಂಗಿ ಮೇಲೆ ಮೈದಾಹಿಟ್ಟು ಮೆತ್ಕೊಂಡು...”

“ಬರ್ಕೋ ಚನ್ನೇಶ್.”

ಟೀ ಗಾಡಿಯ ಹತ್ತಿರದಿಂದ ಒಂದು ದನಿ ಕೂಗಿತು. “ಯಾವ್ದಾರಾ ಮಳಿಗೆ ಬೇಕಿತ್ತಾ ಇಂದಮ್ಮ? ಬಾಡಿಗೆ ಕಮ್ಮಿ ಮಾಡ್ಕೊಡ್ತೀವಿ ಕಣವ್ವ!” ಎಲ್ಲರೂ ನಕ್ಕರು. ಟೀ ಕುಡಿದ ಕಾಗದದ ಲೋಟಗಳನ್ನು ಚರಂಡಿಗೆ ಎಸೆದರು. ಆ ಚರಂಡಿಯನ್ನು ಅಂದು ಬೆಳಿಗ್ಗೆ ಆರಕ್ಕೆ ಬಗ್ಗಿ ಗುಡಿಸಿದ್ದವಳು ಇಂದುವಿನ ತಾಯಿ ಮುನಿಯಮ್ಮ.

ಬೈಪಾಸ್ ರಸ್ತೆ ಆದ ಮೇಲೆ ಪೇಟೆಗೆ ಸ್ವಲ್ಪ ಪೆಟ್ಟು ಬಿದ್ದಿದ್ದು ನಿಜ. ಹತ್ತು ಹನ್ನೆರಡು ಅಂಗಡಿ ನಿಜವಾಗಿಯೂ ಮುಚ್ಚಿದ್ದವು. ಉಳಿದವರು ಆ ಹನ್ನೆರಡರ ನೆರಳಲ್ಲಿ ನುಸುಳಿಕೊಂಡರು. ವ್ಯಾಪಾರದ ಕಟ್ಟಡಕ್ಕೆ ಒಂದು ತೆರಿಗೆ, ಖಾಲಿ ಕಟ್ಟಡಕ್ಕೆ ಅದರ ಅರ್ಧಕ್ಕೂ ಕಡಿಮೆ. ಸಾಲದ್ದಕ್ಕೆ ಹೋದ ವರ್ಷ ಬೀದಿ ತುಂಬ ನೇತಾಡುವ ಬೋರ್ಡುಗಳ ಫೋಟೊ ತೆಗೆದು, ‘ನಮ್ಮ ಊರಿನಲ್ಲಿ ನೆಲಕ್ಕೆ ಬೆಲೆಯೇ ಇಲ್ಲ’ ಎಂದು ಅರ್ಜಿ ಕೊಟ್ಟು, ಸರ್ಕಾರಿ ಬೆಲೆಯನ್ನೂ ಇಳಿಸಿಕೊಂಡಿದ್ದರು. ಬೆಲೆ ಇಳಿದರೆ ತೆರಿಗೆಯೂ ಇಳಿಯಿತು. ಈ ಸಲದ ಪರಿಶೀಲನೆ ಮುಗಿದ ಸಂಜೆ ಪಟ್ಟಿಯಲ್ಲಿ ಅರವತ್ತಮೂರು ಖಾಲಿ ಮಳಿಗೆಗಳಿದ್ದವು.

ತೆರೆದಿದ್ದದ್ದು ಒಂದೇ, ಶಿವಗಂಗಮ್ಮನ ಕೊಬ್ಬರಿ ಮಂಡಿ. ಗಂಡ ಹೋದ ಮೇಲೆ ಒಬ್ಬರೇ ನಡೆಸುತ್ತಿದ್ದ ಆಕೆ, ಕೊಬ್ಬರಿ ಮೂಟೆಗಳ ನಡುವೆ ಕೂತು ರಸೀತಿ ತೆಗೆದು ತೋರಿಸಿದರು. “ನಂಗೂ ತಂದುಕೊಟ್ಟಿದ್ರು ಬೋರ್ಡು. ತಗಡು ಗಟ್ಟಿಯಾಗಿತ್ತು, ಬಚ್ಚಲ ಕಿಟಕಿಗೆ ಅಡ್ಡ ಇಟ್ಟಿದೀನಿ. ಕೂತ್ಕೊಳಮ್ಮ, ಎಳನೀರು ಕುಡ್ದು ಹೋಗು.”

ಇಂದು ಕುಡಿದಳು. ಆದರೂ ಬಾಯಿಯ ಕಹಿ ಹೋಗಲಿಲ್ಲ.

* * *

ಬಜೆಟ್ಟಿನ ಪೂರ್ವಭಾವಿ ಸಭೆ ಫೆಬ್ರುವರಿ ಮೊದಲ ವಾರದಲ್ಲಿ ನಡೆಯಿತು. ಸಭೆಗೆ ಮೊದಲು ತಿಂಡಿ. ಖಾರಾಬಾತ್, ಕೇಸರಿಬಾತ್, ಉದ್ದಿನವಡೆ. ತುಪ್ಪ ಕೇಸರಿಬಾತಿನ ಮೇಲೆ ನಿಂತಿತ್ತು. ಅಧ್ಯಕ್ಷ ದೇವೀರಪ್ಪನವರು ಎರಡನೇ ಸಲ ಹಾಕಿಸಿಕೊಂಡು, ಬೆರಳು ನೆಕ್ಕಿ, ಅದೇ ಬೆರಳಿನಿಂದ ಇಂದು ಮಾಡಿಟ್ಟಿದ್ದ ಕರಡಿನ ಹಾಳೆ ತಿರುವಿದರು. ಹಾಳೆಯ ಅಂಚಿನಲ್ಲಿ ಜಿಡ್ಡಿನ ಗುರುತು ಉಳಿಯಿತು.

ದೇವೀರಪ್ಪನವರಿಗೆ ಪೇಟೆ ಬೀದಿಯಲ್ಲಿ ಹನ್ನೊಂದು ಮಳಿಗೆಗಳ ಕಾಂಪ್ಲೆಕ್ಸ್ ಇದೆ. ಪಟ್ಟಿಯಲ್ಲಿ ಹನ್ನೊಂದೂ ಖಾಲಿ.

“ಉಳಿತಾಯ ಎಲ್ಲಮ್ಮ?” ಎಂದರು.

“ಇಲ್ಲ ಸರ್. ಆಸ್ತಿ ತೆರಿಗೆ ಮೂರನೇ ವರ್ಷವೂ ಇಳಿದಿದೆ. ಖರ್ಚಿಗೂ ಆದಾಯಕ್ಕೂ ಸರಿಹೋದರೆ ಸಾಕು ಅನ್ನೋ ಹಾಗಿದೆ.”

“ಅದೆಂಗಾಯ್ತದೆ? ಈ ಊರಲ್ಲಿ ಉಳಿತಾಯ ಬಜೆಟ್ ಬಿಟ್ಟು ಬೇರೆ ಮಂಡಿಸಿದ್ದೇ ಇಲ್ಲ. ಪೇಪರಿನೋರು ಬತ್ತಾರೆ. ನಾಕು ಲಕ್ಷನಾದ್ರೂ ಉಳಿತಾಯ ಕಾಣ್ಬೇಕು.”

ಮುಖ್ಯಾಧಿಕಾರಿ ಶರತ್ಚಂದ್ರ ಬೇಲೂರಿನಿಂದ ದಿನಾ ಬಸ್ಸಿನಲ್ಲಿ ಬರುವ ಮೆತ್ತಗಿನ ಮನುಷ್ಯ. ಈ ಹುದ್ದೆಯಲ್ಲಿ ಅವರಿಗೆ ಇದು ಐದನೇ ಊರು. ಕೆಮ್ಮಿ, “ಖಾಲಿ ಅಂತ ಹೇಳಿರೋ ಮಳಿಗೆಗಳನ್ನ ಇನ್ನೊಂದು ಸಲ ನೋಡಬಹುದಲ್ವಾ ಅಧ್ಯಕ್ಷರೇ...” ಎಂದರು.

ಸದಸ್ಯರು ಒಟ್ಟಿಗೇ ಎದ್ದರು. ವ್ಯಾಪಾರಸ್ಥರ ಹೊಟ್ಟೆ ಮೇಲೆ ಹೊಡೀತೀರಾ? ಪಟ್ಟಿ ಇಲಾಖೆಯವರೇ ಮಾಡಿದ್ದಲ್ಲವಾ? ಅಲ್ಲೇ ಒಂದು ಠರಾವು ಆಯಿತು: ಅರವತ್ತಮೂರು ಮಳಿಗೆಗಳು ಖಾಲಿ ಇರುವುದನ್ನು ಸಭೆ ಸರ್ವಾನುಮತದಿಂದ ಒಪ್ಪಿದೆ. ಕೈ ಎತ್ತಿದವರಲ್ಲಿ ಆರು ಜನರ ಕೈಗೆ ಆ ಮಳಿಗೆಗಳ ಬಾಡಿಗೆ ಪ್ರತಿ ತಿಂಗಳು ಐದನೇ ತಾರೀಖು ತಪ್ಪದೆ ಬರುತ್ತಿತ್ತು.

ದೇವೀರಪ್ಪನವರ ಜಿಡ್ಡಿನ ಬೆರಳು ಹಾಳೆಯ ಮೇಲೆ ಇಳಿಯುತ್ತ ಇಳಿಯುತ್ತ ಒಂದು ಕಡೆ ನಿಂತಿತು. “ಇದೇನಿದು, ಪೌರಕಾರ್ಮಿಕರ ಬೆಳಗಿನ ಉಪಾಹಾರ? ನಾಕು ಲಕ್ಷದ ಹತ್ತು ಸಾವಿರ. ಸರಿಯಾಗಿ ಸಿಕ್ತಲ್ಲ!”

ಇಂದು ಎದ್ದು ನಿಂತಳು. “ಸರ್, ಅದನ್ನ ತೆಗೆಯೋ ಹಾಗಿಲ್ಲ. ಅವರು ಐದೂವರೆಗೆ ಕೆಲಸಕ್ಕೆ ಬರ್ತಾರೆ. ಹತ್ತು ಗಂಟೆ ತನಕ ಖಾಲಿ ಹೊಟ್ಟೆ...”

“ಮನೆಯಿಂದ ಡಬ್ಬಿ ತರ್ಲಮ್ಮ. ನಾವೆಲ್ಲ ತತ್ತಿರ್ಲಿಲ್ವಾ ಇಸ್ಕೂಲಿಗೆ?” ಅವರು ಉಳಿದ ಕೇಸರಿಬಾತಿನ ಪಾತ್ರೆಯ ಕಡೆ ಕೈ ತೋರಿಸಿದರು. “ಅಗೋ, ಅಷ್ಟು ಮಿಕ್ಕೈತೆ. ಹೊರಗಡೆ ಕೊಡ್ಸು. ಇವತ್ತಿನ ಉಪಾಹಾರ ಆಯ್ತಲ್ಲ.”

ಜವಾನ ಪಾತ್ರೆ ತೆಗೆದುಕೊಂಡು ಹೋದ. ಅದರೊಳಗೆ ಯಾರದೋ ಅರ್ಧ ಕಚ್ಚಿದ ವಡೆ, ಎರಡು ಬಳಸಿದ ಚಮಚ ಬಿದ್ದಿದ್ದವು. ಕಿಟಕಿಯಿಂದ ಇಂದು ನೋಡಿದಳು. ಹೊರಗೆ ಕಸದ ಗಾಡಿಗೆ ಒರಗಿ ನಿಂತಿದ್ದ ಮುನಿಯಮ್ಮ ಪಾತ್ರೆಯೊಳಗೆ ಇಣುಕಿ, ಅದನ್ನು ಹಾಗೇ ಹಸಿಕಸದ ಡಬ್ಬಕ್ಕೆ ಸುರಿದಳು. ಒಳಗೆ ದೇವೀರಪ್ಪನವರು ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದರು.

* * *

ಮುನಿಯಮ್ಮನಿಗೆ ಸಕ್ಕರೆ ಕಾಯಿಲೆ. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ಬೆಳಿಗ್ಗೆ ಏಳಕ್ಕೆ ಹೊಟ್ಟೆಗೆ ಏನಾದರೂ ಬೀಳಲೇಬೇಕು, ಇಲ್ಲದಿದ್ದರೆ ಕೈಕಾಲು ನಡುಗಿ ಕಣ್ಣು ಕತ್ತಲಿಡುತ್ತದೆ. ಉಪಾಹಾರ ಶುರುವಾಗುವುದಕ್ಕೆ ಮೊದಲಿನ ವರ್ಷ ಮೀನಿನ ಮಾರುಕಟ್ಟೆಯ ಮುಂದೆ ತಲೆತಿರುಗಿ ಚರಂಡಿಗೇ ಬಿದ್ದಿದ್ದಳು. ಅವಳನ್ನು ಎತ್ತಿ ಕೂರಿಸಿದವರು ಜೊತೆಯ ಹೆಂಗಸರು. ಅಂಗಡಿಯವರು ಮೂಗು ಮುಚ್ಚಿಕೊಂಡು ನೋಡುತ್ತಿದ್ದರಂತೆ. ಆಸ್ಪತ್ರೆಯಲ್ಲಿ ಅವ್ವನ ಕೂದಲಿನಿಂದ ಮೀನಿನ ಪೊರೆ ಬಿಡಿಸಿದ್ದು ಇಂದುವಿನ ಬೆರಳಿಗೆ ಇನ್ನೂ ಮರೆತಿರಲಿಲ್ಲ.

“ಡಬ್ಬಿ ಕಟ್ಟಿಕೊಡ್ತೀನವ್ವ ನಾನು,” ಎಂದಳು ಇಂದು ಆ ಸಂಜೆ, ಮುದ್ದೆ ತಿರುವುತ್ತ. ಗಂಡ ರವಿಕುಮಾರ್ ಗಂಡಸಿ ಊರಿನಲ್ಲಿ ಮೇಷ್ಟ್ರು; ಅವಳು ಇದ್ದದ್ದು ಅವ್ವನ ಮನೆಯಲ್ಲೇ.

“ನಂಗೆ ಕಟ್ತೀಯ. ಮಿಕ್ಕ ಮೂವತ್ತೊಂದು ಜನಕ್ಕೆ? ಹನುಮಂತಯ್ಯನ ಹೆಂಡ್ರು ಹಾಸಿಗೆ ಹಿಡ್ದವ್ಳೆ, ಅವನಿಗ್ಯಾರು ಕಟ್ತಾರೆ?” ಮುನಿಯಮ್ಮ ಸೊಪ್ಪು ಬಿಡಿಸುತ್ತಿದ್ದಳು. “ಡಬ್ಬಿ ತಕಂಡೋದ್ರೂ ಎಲ್ಲಿಡದು? ಕಸದ ಗಾಡಿ ಮೇಲಾ?”

“ಅರವತ್ತಮೂರು ಮಳಿಗೆ ಖಾಲಿ ಅಂತಾರಲ್ಲವ್ವ, ಅದಕ್ಕೇ ದುಡ್ಡಿಲ್ಲ.”

ಮುನಿಯಮ್ಮನ ಕೈ ನಿಂತಿತು. “ಯಾವ ಖಾಲಿ? ಆ ಬೇಕರಿ, ಕೋಳಿ ಅಂಗ್ಡಿ, ದೇವೀರಪ್ಪನ ಕಾಂಪ್ಲೆಕ್ಸು?”

“ಅವೇ.”

“ಖಾಲಿ ಆಗಿದ್ರೆ ದಿನಾ ಎರಡು ಗಾಡಿ ಕಸ ನಾನೆಲ್ಲಿಂದ ಎತ್ತಿ ತತ್ತಿದೀನೇ?”

ಇಂದು ಮುದ್ದೆಕೋಲು ಹಿಡಿದುಕೊಂಡೇ ಅವ್ವನನ್ನು ನೋಡಿದಳು. ಒಲೆಯ ಮೇಲೆ ಸಾರು ಉಕ್ಕಿ ಬೆಂಕಿ ಚೊಯ್ ಎಂದಾಗಲೇ ಅವಳಿಗೆ ಎಚ್ಚರವಾದದ್ದು.

ಮಾರನೇ ದಿನ ಅವಳು ನಿಯಮದ ಪುಸ್ತಕ ತೆಗೆದಳು. ಅಂಗಡಿಗಳಿಂದ ತೆರಿಗೆಯ ಜೊತೆಗೆ ಕಸದ ಶುಲ್ಕ ವಸೂಲಾಗುತ್ತದೆ. ಖಾಲಿ ಮಳಿಗೆಗೆ ಆ ಶುಲ್ಕವಿಲ್ಲ, ಏಕೆಂದರೆ ಅಲ್ಲಿ ಕಸವಿಲ್ಲ. ಹಾಗಾದರೆ ಅಲ್ಲಿಗೆ ಗಾಡಿ ಹೋಗಬೇಕಾದ ಕಾರಣವೂ ಇಲ್ಲ. ಕಸ ಎತ್ತುವ ದಾರಿಯ ಹೊಸ ಪಟ್ಟಿ ಬರೆದು ಶರತ್ಚಂದ್ರರ ಮೇಜಿನ ಮೇಲಿಟ್ಟಳು. ಮುಚ್ಚಿಡದೆ ಎಲ್ಲ ವಿವರಿಸಿದಳು.

ಶರತ್ಚಂದ್ರ ಕನ್ನಡಕ ತೆಗೆದು ಒರೆಸಿದರು. “ಏನಮ್ಮಾ ಇದು, ನನ್ನನ್ನ ಆರನೇ ಊರಿಗೆ ಕಳಿಸ್ತೀಯಾ?”

“ಸಭೇನೇ ಒಪ್ಪಿರೋ ಪಟ್ಟಿ ಸರ್. ಸರ್ವಾನುಮತ.”

ಅವರು ಪಟ್ಟಿಯನ್ನು ಕೊನೆಯವರೆಗೂ ಓದಿದರು. ಆಮೇಲೆ ರುಜು ಹಾಕಿದರು. ಅವರ ಮುಖದಲ್ಲಿ ಅಂಥ ನಗುವನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

* * *

ಮೊದಲ ದಿನ ಯಾರಿಗೂ ಗೊತ್ತಾಗಲಿಲ್ಲ. ಎರಡನೇ ದಿನ ಅಂಗಡಿಯವರು ಕಸವನ್ನು ಪಕ್ಕದವರ ಮೆಟ್ಟಿಲಿಗೆ ತಳ್ಳಿದರು. ಪಕ್ಕದವರು ವಾಪಸ್ಸು ತಳ್ಳಿದರು. ಮೂರನೇ ದಿನಕ್ಕೆ ಮೂಟೆಗಳು ಒಡೆದವು. ಹೋಟೆಲಿನ ಎಂಜಲೆಲೆ, ಬೇಕರಿಯ ಕೊಳೆತ ಮೊಟ್ಟೆ, ಕೋಳಿ ಅಂಗಡಿಯ ಪುಕ್ಕ ಮತ್ತು ಕರುಳು, ಎಳನೀರಿನ ಬುರುಡೆಯಲ್ಲಿ ಬಿಳಿಬಿಳಿ ಹುಳ. ನಾಯಿಗಳು ಕರುಳನ್ನು ಎಳೆದಾಡಿ ಬಟ್ಟೆ ಅಂಗಡಿಯ ಹೊಸಿಲಿಗೆ ತಂದಿಟ್ಟವು. ಮಧ್ಯಾಹ್ನದ ಬಿಸಿಲಿಗೆ ಅದೆಲ್ಲ ಹುಳಿತು, ಕಪ್ಪು ನೀರು ಬಿಟ್ಟು, ಬೀದಿಯ ನಡುವೆ ಹರಿಯಿತು. ಶಾಲೆಯ ಮಕ್ಕಳು ಸಮವಸ್ತ್ರದ ಅಂಚು ಎತ್ತಿಕೊಂಡು ದಾಟುವುದನ್ನು ನೋಡಿ ಇಂದುವಿಗೆ ಒಂದು ಕ್ಷಣ ಅಳುಕಾಯಿತು. ಆ ಮಕ್ಕಳು ಏನು ಮಾಡಿದ್ದವು? ಆದರೆ ಮೂಗಿಗೆ ಸೆರಗು ಹಿಡಿದು ನಿಂತಾಗ ಅವಳಿಗೆ ಅನ್ನಿಸಿತು, ಈ ವಾಸನೆ ಇವತ್ತಿನದಲ್ಲ. ಇಷ್ಟು ವರ್ಷ ದಿನಾ ಬೆಳಿಗ್ಗೆ ಅವ್ವ ಇದನ್ನು ಊರು ಏಳುವ ಮುಂಚೆ ಬಳಿದು ತೆಗೆಯುತ್ತಿದ್ದಳು, ಅಷ್ಟೇ.

ಐದನೇ ದಿನ ಬೇಕರಿಯವನು ಮುನಿಯಮ್ಮನ ಗಾಡಿಗೆ ಅಡ್ಡ ನಿಂತ. “ಏನಮ್ಮಾ, ಕಣ್ಣು ಕಾಣಲ್ವಾ? ಎತ್ತಮ್ಮ ಇದನ್ನ!”

“ಯಾವ್ದು ಸ್ವಾಮಿ?”

“ನಮ್ಮ ಅಂಗ್ಡಿ ಕಸ!”

“ಇಲ್ಲೆಲ್ಲೈತೆ ಅಂಗ್ಡಿ? ಪುರಸಭೆ ಪಟ್ಟೀಲಿ ಖಾಲಿ ಅಂತ ಐತಲ್ಲ. ಯಾರೋ ದಾರೀಲಿ ಹೋಗೋರು ಹಾಕವ್ರೆ ಅನ್ಸುತ್ತೆ. ನೀವ್ಯಾರು, ಅವ್ರ ಕಡೆಯೋರಾ?”

ಸುತ್ತಲಿದ್ದವರಲ್ಲಿ ಯಾರೋ ಕಿಸಕ್ಕೆಂದರು. ಬೇಕರಿಯವನು ಬಾಯಿಗೆ ಬಂದಂತೆ ಬೈದ. ಜಾತಿಯ ಹೆಸರೂ ನಾಲಿಗೆಯ ತುದಿಗೆ ಬಂದಿತ್ತು. ಗುಂಪಿನಲ್ಲಿದ್ದ ಚನ್ನೇಶ ವಿಡಿಯೊ ತೆಗೆಯಲು ಫೋನ್ ಎತ್ತಿ ಹಿಡಿದದ್ದನ್ನು ಕಂಡು ನುಂಗಿಕೊಂಡ. ಆದರೆ ನುಂಗಿದ್ದು ಎಲ್ಲರಿಗೂ ಕಾಣಿಸಿತು. ಮುನಿಯಮ್ಮ ಗಾಡಿ ತಳ್ಳಿಕೊಂಡು ಮುಂದೆ ಹೋಗಿ ಶಿವಗಂಗಮ್ಮನ ಮಂಡಿಯ ಮುಂದಿನ ಕಸ ಎತ್ತಿದಳು.

ಇಂದು ಅಂದುಕೊಂಡಿದ್ದಳು, ಈಗ ಒಬ್ಬೊಬ್ಬರೇ ಬಂದು ‘ನಮ್ಮ ಮಳಿಗೆ ಖಾಲಿಯಿಲ್ಲ’ ಎಂದು ಬರೆದುಕೊಡುತ್ತಾರೆ. ಒಬ್ಬರೂ ಬರಲಿಲ್ಲ. ಅದರ ಬದಲು ಏಳನೇ ದಿನ ದೇವೀರಪ್ಪನವರೇ ನಗುನಗುತ್ತ ಕಚೇರಿಗೆ ಬಂದರು. ಪೇಟೆಯ ವರ್ತಕರೆಲ್ಲ ಸೇರಿ ಒಂದು ಪುಣ್ಯದ ಕೆಲಸಕ್ಕೆ ಮುಂದಾಗಿದ್ದಾರಂತೆ. ಪೌರಕಾರ್ಮಿಕರಿಗೆ ಇನ್ನು ಮೇಲೆ ವರ್ತಕರದೇ ಉಪಾಹಾರ, ದಾಸೋಹದ ರೂಪದಲ್ಲಿ. ಅದಕ್ಕೆ ಪ್ರತಿಯಾಗಿ ಅವರೂ ಹಟ ಬಿಟ್ಟು ‘ಪ್ರೀತಿಯಿಂದ’ ಪೇಟೆಯ ಕಸ ಎತ್ತಬೇಕು. ಬಜೆಟ್ಟಿನಲ್ಲಿ ಆ ನಾಲ್ಕು ಲಕ್ಷ ಉಳಿತಾಯ.

“ತೆರಿಗೆ ಕಟ್ಟಿದ್ರೆ ಇದಕ್ಕಿಂತ ಕಮ್ಮಿ ಆಗ್ತಿತ್ತಲ್ಲ ಸರ್, ಎಷ್ಟೋ ಜನಕ್ಕೆ,” ಎಂದಳು ಇಂದು.

“ತೆರಿಗೆ ಕಟ್ಟಿದ್ರೆ ಯಾರಮ್ಮ ನೆನೀತಾರೆ? ಅನ್ನ ಹಾಕಿದ್ರೆ ಹೆಸ್ರು ಉಳೀತದೆ.”

* * *

ಬಜೆಟ್ ಮಂಡನೆಯ ದಿನವೇ ದಾಸೋಹದ ಉದ್ಘಾಟನೆ. ಪುರಸಭೆಯ ಕಾಂಪೌಂಡಿಗೆ ಉದ್ದಕ್ಕೂ ಒಂದು ಫ್ಲೆಕ್ಸ್ ಕಟ್ಟಿದ್ದರು. ‘ಪೌರಕಾರ್ಮಿಕ ಬಂಧುಗಳಿಗೆ ಉಚಿತ ಉಪಾಹಾರ.’ ನಡುವೆ ಕೈಮುಗಿದ ದೇವೀರಪ್ಪನವರು ಆಳೆತ್ತರ. ಸುತ್ತ ದಾನಿಗಳ ಮುಖಗಳು.

ಏಳಕ್ಕೆ ಬರಬೇಕಿದ್ದ ತಿಂಡಿಯ ಉದ್ಘಾಟನೆಗೆ ಎಂಟಾಯಿತು. ಅಷ್ಟು ಹೊತ್ತೂ ಮೂವತ್ತೆರಡು ಜನರನ್ನು ಸಾಲಾಗಿ ನಿಲ್ಲಿಸಿದ್ದರು. ಮುನಿಯಮ್ಮನ ಮೇಲುದುಟಿಯಲ್ಲಿ ಬೆವರು ಕಂಡು ಇಂದು ಓಡಿಹೋಗಿ ತನ್ನ ಚೀಲದಲ್ಲಿದ್ದ ಬಾಳೆಹಣ್ಣು ಸುಲಿದು ಬಾಯಿಗಿಟ್ಟಳು. ಅವ್ವನ ಕೈ ತಣ್ಣಗೆ ನಡುಗುತ್ತಿತ್ತು. ಕಡೆಗೆ ಪೊಂಗಲ್ ಬಂತು, ತಟ್ಟೆಗೆ ಒಂದೊಂದು ಸೌಟು. ಫೋಟೊದವನು ಕೂಗಿದ, “ತಟ್ಟೆ ಮೇಲೆತ್ತಿ! ಫ್ಲೆಕ್ಸ್ ಕಡೆ ನೋಡಿ! ಅಮ್ಮಾ, ಸ್ವಲ್ಪ ನಗಿ!”

“ಬಾಯಲ್ಲಿ ಅನ್ನ ಐತೆ ಕಣಪ್ಪ,” ಎಂದಳು ಮುನಿಯಮ್ಮ. “ನುಂಗ್ಲಾ, ನಗ್ಲಾ?”

ಇಂದು ಆ ಕಡೆ ನೋಡಲಾಗದೆ ಫ್ಲೆಕ್ಸಿನ ಕಡೆ ತಿರುಗಿದಳು. ಅಸಹ್ಯದಿಂದಲೇ ಓದತೊಡಗಿದಳು. ಓದುತ್ತ ಓದುತ್ತ ಅವಳ ಕಣ್ಣು ನಿಧಾನವಾಯಿತು. ಪ್ರತಿಯೊಂದು ಮುಖದ ಕೆಳಗೂ ಹೆಸರು, ಹೆಸರಿನ ಕೆಳಗೆ ಅಂಗಡಿಯ ಹೆಸರು, ಫೋನ್ ನಂಬರು. ಬೇಕರಿಯವನಂತೂ ‘ಬೆಳಿಗ್ಗೆ 6ರಿಂದ ರಾತ್ರಿ 10ರವರೆಗೆ, ಹುಟ್ಟುಹಬ್ಬದ ಕೇಕ್‌ಗಳಿಗೆ ಆರ್ಡರ್ ತೆಗೆದುಕೊಳ್ಳಲಾಗುವುದು’ ಎಂದೂ ಹಾಕಿಸಿದ್ದ. ಎಣಿಸಿದಳು. ಐವತ್ತು.

ಹನ್ನೊಂದಕ್ಕೆ ಸಭೆ. ಅರಸೀಕೆರೆಯಿಂದ ಪತ್ರಿಕೆಯವರು ಮೂವರು ಬಂದಿದ್ದರು. ಉಪಾಹಾರದ ಬಾಬತ್ತು ಬಂದಾಗ ದೇವೀರಪ್ಪನವರು ಎದ್ದು ನಿಂತು, ಇದನ್ನು ದಾನಿಗಳು ವಹಿಸಿಕೊಂಡಿರುವುದರಿಂದ ಕೈಬಿಡಬೇಕೆಂದರು. ಆಮೇಲೆ ಇಂದುವಿನ ಕಡೆ ತಿರುಗಿ, “ದಾನಿಗಳ ಹೆಸರು ನಡವಳಿ ಪುಸ್ತಕದಲ್ಲಿ ದಾಖಲಾಗ್ಬೇಕಮ್ಮ. ಮುಂದಿನ ಪೀಳಿಗೆ ಓದ್ಬೇಕು,” ಎಂದರು.

ಇಂದು ಪೆನ್ನು ಎತ್ತಿದಳು. “ಅಂಗಡಿ ಹೆಸರೂ ಬರೀಲಾ ಸರ್?”

“ಬರಿ. ಒಂದೂ ಬಿಡ್ಬೇಡ.”

“ಎಲ್ಲಾ ಈಗ ನಡೀತಿರೋ ಅಂಗಡಿಗಳೇ ಅಂತ ಬರೀಬಹುದಾ ಸರ್? ಫ್ಲೆಕ್ಸಿನಲ್ಲಿ ಇರೋ ಹಾಗೆ?”

“ಮತ್ತೆ? ನಿಂತೋದ ಅಂಗ್ಡಿಯೋರು ದಾನ ಮಾಡ್ತಾರಾ? ನಾನೇ ಮನೆಮನೆಗೆ ಹೋಗಿ ಒಪ್ಪಿಸಿದ್ದು. ಒಬ್ಬೊಬ್ರದೂ ದಿನಕ್ಕೆ ಹತ್ತು ಸಾವಿರ, ಇಪ್ಪತ್ತು ಸಾವಿರ ವ್ಯಾಪಾರ!”

ಪತ್ರಿಕೆಯವರು ಬರೆದುಕೊಂಡರು. ಇಂದು ಐವತ್ತು ಹೆಸರನ್ನೂ ಬರೆದಳು, ಅರ್ಧ ಗಂಟೆ ಹಿಡಿಯಿತು. ಸದಸ್ಯರು ವಡೆ ತಿಂದರು. ಆಮೇಲೆ ಅವಳು ಎದ್ದು, ಬರೆದದ್ದನ್ನು ಗಟ್ಟಿಯಾಗಿ ಓದಿದಳು. ಅಂಗಡಿಯ ಹೆಸರು, ಬಾಗಿಲ ನಂಬರು, ಅದರ ಪಕ್ಕದಲ್ಲಿ ಅದೇ ಬಾಗಿಲ ನಂಬರಿಗೆ ಇದೇ ಸಭೆ ಕೊಟ್ಟಿದ್ದ ಮಾತು: ಖಾಲಿ. ಮೂರನೆಯ ಹೆಸರಿಗೆ ಸಭೆಯ ಗುಸುಗುಸು ನಿಂತಿತು. ಹತ್ತನೆಯ ಹೆಸರಿಗೆ ಪತ್ರಿಕೆಯವರಲ್ಲಿ ಒಬ್ಬ ಜೋರಾಗಿಯೇ ನಕ್ಕ. ದೇವೀರಪ್ಪನವರ ಕಾಂಪ್ಲೆಕ್ಸಿನ ಹನ್ನೊಂದು ಬಾಡಿಗೆದಾರರ ಹೆಸರು ಬಂದಾಗ ಅವರ ಕೈಯ ವಡೆ ತಟ್ಟೆಗೆ ಬಿತ್ತು.

“ಅದನ್ನೆಲ್ಲ ಹೊಡೆದಾಕು!”

“ನಡವಳಿಯಲ್ಲಿ ಬರೆದದ್ದನ್ನ ಹೊಡೆದುಹಾಕೋಕೆ ಬರಲ್ಲ ಅಧ್ಯಕ್ಷರೇ,” ಎಂದರು ಶರತ್ಚಂದ್ರ ಮೆತ್ತಗೆ. “ತಾವೇ ಹೇಳಿ ಬರೆಸಿದ್ದು. ಐವತ್ತು ನೋಟಿಸ್ ಕಳಿಸ್ತೀನಿ. ಸುಳ್ಳು ಘೋಷಣೆಗೆ ದಂಡವೂ ಸೇರುತ್ತೆ. ಉಪಾಹಾರದ ಬಾಬತ್ತು ಹಾಗೇ ಇರಲಿ, ಅದಕ್ಕೆ ಈಗ ಆದಾಯ ಇದೆ. ಬೇಡ ಅನ್ನೋರು ಕೈ ಎತ್ತಿ.”

ಪತ್ರಿಕೆಯವರ ಮುಂದೆ ಯಾರ ಕೈಯೂ ಮೇಲೇಳಲಿಲ್ಲ.

ಇಂದುವಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ನಾಚಿಕೆಯಿಂದ ಒಂದು ತಲೆಯಾದರೂ ತಗ್ಗುತ್ತದೇನೋ ಎಂದು ಅವಳು ಸಾಲಿನುದ್ದಕ್ಕೂ ನೋಡಿದಳು. ಒಬ್ಬರು ಹಲ್ಲಿನ ಸಂದಿಯಿಂದ ಮೆಣಸು ಕೀಳುತ್ತಿದ್ದರು. ಇನ್ನೊಬ್ಬರು ಆಗಲೇ ವಕೀಲರಿಗೆ ಫೋನ್ ಹಚ್ಚಿದ್ದರು. ದೇವೀರಪ್ಪನವರು ಅವಳ ಪಕ್ಕದಲ್ಲಿ ಹಾದುಹೋಗುವಾಗ ಬಗ್ಗಿ, “ಗಂಡಸಿ ಕಡೆ ನಾಡಕಚೇರೀಲಿ ಒಂದು ಜಾಗ ಖಾಲಿ ಐತಂತೆ, ನಿಮ್ಮ ಯಜಮಾನ್ರು ರವಿಕುಮಾರ್ ಅಲ್ಲೇ ಅಲ್ವಾ ಮೇಷ್ಟ್ರು? ಹತ್ರ ಆಯ್ತದೆ ನಿಂಗೆ,” ಎಂದು ನಕ್ಕರು. ಬಾಯಿಯಿಂದ ಎಲೆಯಡಿಕೆಯ ಘಾಟು ಬಂತು. ಇಂದು ಪುಸ್ತಕ ಮುಚ್ಚಿ ಕೈ ತೊಳೆದುಕೊಂಡಳು, ಸೋಪು ಹಚ್ಚಿ, ಎರಡು ಸಲ.

ಹೊರಗೆ ಬಂದರೆ ಫ್ಲೆಕ್ಸ್ ಅರ್ಧ ಇಳಿದಿತ್ತು. ವರ್ತಕರ ಆಳುಗಳು ಗಡಿಬಿಡಿಯಲ್ಲಿ ಹಗ್ಗ ಕತ್ತರಿಸುತ್ತಿದ್ದರು. ಪೊಂಗಲ್ಲಿನ ಎಂಜಲು ತಟ್ಟೆಗಳು ಕೆಳಗೇ ಬಿದ್ದಿದ್ದವು, ಯಾರೂ ಎತ್ತಿರಲಿಲ್ಲ. ಮುನಿಯಮ್ಮ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದಳು.

“ಏನಾಯ್ತೇ?”

“ಉಳೀತವ್ವ. ಏಪ್ರಿಲ್‌ನಿಂದ ಮತ್ತೆ ಒಂದು ವರ್ಷ.”

“ಅಲ್ಲೀಗಂಟ?”

“ಅಲ್ಲೀ ತನಕ ಈ ವರ್ಷದ ದುಡ್ಡೇ ಇದೆ. ನಾಳೆಯಿಂದ ಕಚೇರಿಯದೇ ತಿಂಡಿ.”

ಮುನಿಯಮ್ಮ ತಲೆಯಾಡಿಸಿದಳು. ಆಮೇಲೆ ಮೊಣಕಾಲು ಹಿಡಿದು ಎದ್ದು, ಪೊರಕೆಗೆ ಕೈ ಹಾಕಿ, “ಏಳು ಗಂಟೆಗೇ ತರ್ಸು ಕಣೇ,” ಎಂದಳು. “ಯಾರೂ ಬಂದು ಉದ್ಘಾಟ್ನೆ ಮಾಡೋದು ಬ್ಯಾಡ.”